ಊರು ಬಿಟ್ಟವನ ಮತ ಯಾವ ಊರಿನದು?

ಬೋರನಕಣಿವೆಯ ಜಲಾಶಯದ ತಳ ಕಾಣುವ ವರ್ಷಗಳಲ್ಲಿ ನಮ್ಮ ಸುತ್ತಲಿನ ಹಳ್ಳಿಗಳ ಮನೆಗಳಿಗೆ ಬೀಗ ಬೀಳುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಈ ಭಾಗದಲ್ಲಿ ತೆಂಗೇ ಬದುಕು. ಕೊಳವೆಬಾವಿ ಬತ್ತಿದರೆ ತೆಂಗಿನ ಸುಳಿ ಒಣಗುತ್ತದೆ. ಸುಳಿ ಒಣಗಿದರೆ ಕಾಯಿ ಕೀಳುವವನಿಗೂ ಸುಲಿಯುವವನಿಗೂ ಕೆಲಸವಿಲ್ಲ, ಕೊಬ್ಬರಿ ಕಟ್ಟಿಡುವ ಅಟ್ಟವೂ ಬರಿದಾಗುತ್ತದೆ. ಕಳೆದ ದಶಕದ ಬರಗಾಲದಲ್ಲಿ ತೋಟಕ್ಕೆ ತೋಟವೇ ಗರಿ ಚೆಲ್ಲಿ ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. ಆಗ ಊರು ಬಿಟ್ಟವರು ಇಂದು ಬೆಂಗಳೂರಿನ ಗ್ಯಾರೇಜುಗಳಲ್ಲಿ, ಹೋಟೆಲುಗಳಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಮಳೆಯಾಗಿ ಕಣಿವೆಗೆ ನೀರು ಬಂದಾಗ ಕೆಲವರು ಹಿಂದಿರುಗಿದರು. ಹೆಚ್ಚಿನವರು ಹಿಂದಿರುಗಲಿಲ್ಲ.

ಮತದಾರರ ಪಟ್ಟಿಯ ಪರಿಶೀಲನೆಗೆಂದು ನಮ್ಮ ಬೀದಿಗೆ ಬಂದಿದ್ದ ಅಂಗನವಾಡಿ ಟೀಚರಮ್ಮ ಬೀಗ ಹಾಕಿದ ಎರಡು ಮನೆಗಳ ಮುಂದೆ ನಿಂತುಬಿಟ್ಟರು. ಒಂದು, ಬೆಂಗಳೂರಿಗೆ ಹೋಗಿ ಗಾರ್ಮೆಂಟ್ಸ್ ಸೇರಿದ ನಮ್ಮವರದೇ ಕುಟುಂಬದ್ದು. ರಮಝಾನ್ ಹಬ್ಬಕ್ಕೂ ಬಕ್ರೀದ್‌ಗೂ ತಪ್ಪದೆ ಬರುತ್ತಾರೆ. ಇನ್ನೊಂದು, ಕುರಿಮಂದೆಯೊಡನೆ ತಿಂಗಳುಗಟ್ಟಲೆ ಮೇವಿನ ಜಾಡು ಹಿಡಿದು ಅಲೆಯುವ ಕುರುಬರ ಕುಟುಂಬದ್ದು. “ಸಾಬರೇ, ಹಬ್ಬಕ್ಕೆ ಬರೋರನ್ನ ನಾನು ಇದ್ದಾರೆ ಅಂತ ಬರೀಲೋ, ಇಲ್ಲ ಅಂತ ಬರೀಲೋ? ನೀವೇ ಹೇಳಿ” ಎಂದರು ಆಕೆ. ನನ್ನಲ್ಲಿ ಉತ್ತರವಿರಲಿಲ್ಲ. ಬೀದಿಯ ಕೊನೆಯ ಮನೆಗೆ ಬೀಗವಿರಲಿಲ್ಲ. ನಾರಿನ ಕಾರ್ಖಾನೆಯಲ್ಲಿ ದುಡಿಯುವ ಅಸ್ಸಾಮಿನ ನಾಲ್ವರು ಯುವಕರು ಅಲ್ಲಿ ಬಾಡಿಗೆಗಿದ್ದಾರೆ. ಆ ಬಾಗಿಲನ್ನು ಯಾರೂ ತಟ್ಟಲಿಲ್ಲ. ಅವರೂ ಹೊರಬಂದು ಕೇಳಲಿಲ್ಲ. ಅದು ವಿಚಿತ್ರವೆಂದು ಆ ಹೊತ್ತಿಗೆ ನನಗೂ ಅನಿಸಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಟೀಚರಮ್ಮನ ಪ್ರಶ್ನೆ ಸಣ್ಣದಲ್ಲ. ಸಂವಿಧಾನದ 19ನೆಯ ವಿಧಿಯು ದೇಶದ ಉದ್ದಗಲಕ್ಕೂ ಸಂಚರಿಸುವ ಮತ್ತು ಯಾವ ಭಾಗದಲ್ಲಾದರೂ ನೆಲೆಸುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬ ನಾಗರಿಕನಿಗೂ ನೀಡಿದೆ. 326ನೆಯ ವಿಧಿಯು ವಯಸ್ಕ ಮತದಾನವನ್ನು ಚುನಾವಣೆಯ ಬುನಾದಿಯಾಗಿಸಿದೆ. ಈ ಎರಡರ ನಡುವೆ 1950ರ ಜನಪ್ರಾತಿನಿಧ್ಯ ಕಾಯ್ದೆ ‘ಸಾಮಾನ್ಯ ನಿವಾಸಿ’ ಎಂಬ ಒಂದು ಮಾತನ್ನು ಇಟ್ಟಿದೆ. ಮತ ಇರುವುದು ನಿವಾಸವಿರುವ ಕಡೆ. ಊರಿನಲ್ಲಿ ಸ್ವಂತ ಮನೆಯಿದೆ ಎಂದ ಮಾತ್ರಕ್ಕೆ ಒಬ್ಬನು ಅಲ್ಲಿಯ ಸಾಮಾನ್ಯ ನಿವಾಸಿಯಾಗುವುದಿಲ್ಲ ಎಂದು ಅದೇ ಕಾಯ್ದೆಯ 20ನೆಯ ಸೆಕ್ಷನ್ ಹೇಳುತ್ತದೆ. ತಾತ್ಕಾಲಿಕವಾಗಿ ಊರಿನಿಂದ ದೂರವಿದ್ದ ಮಾತ್ರಕ್ಕೆ ಅವನ ನಿವಾಸ ರದ್ದಾಗುವುದಿಲ್ಲ ಎಂದೂ ಹೇಳುತ್ತದೆ. ಕುರಿಯ ಹಿಂದೆ ಹೋದವನಿಗೆ ಎರಡನೆಯ ಮಾತು ರಕ್ಷಣೆ. ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಬಾಡಿಗೆ ಮನೆಯಲ್ಲಿರುವವನಿಗೆ ಮೊದಲನೆಯ ಮಾತು ಅಡ್ಡಿ. ಕಾನೂನಿನ ಕಣ್ಣಿನಲ್ಲಿ ಆತನ ಮತ ಬೆಂಗಳೂರಿನದು. ಆದರೆ ಬೆಂಗಳೂರಿನಲ್ಲಿ ಆತನ ಬಳಿ ಬಾಡಿಗೆ ಕರಾರಿಲ್ಲ, ವಿದ್ಯುತ್ ಬಿಲ್ಲು ಮನೆಯೊಡೆಯನ ಹೆಸರಿನಲ್ಲಿದೆ, ಎರಡು ವರ್ಷಕ್ಕೊಮ್ಮೆ ಮನೆ ಬದಲಾಗುತ್ತದೆ. ಹೀಗೆ ಒಂದೂರಿನ ಪಟ್ಟಿಯಿಂದ ಹೆಸರು ಹೋಗುತ್ತದೆ, ಇನ್ನೊಂದೂರಿನ ಪಟ್ಟಿಗೆ ಸೇರುವುದಿಲ್ಲ. ನಮ್ಮ ದೇಶದಲ್ಲಿ ಚಲಿಸುವ ಹಕ್ಕನ್ನು ಬಳಸಿಕೊಂಡವನು ಮತದ ಹಕ್ಕನ್ನು ಸುಂಕವಾಗಿ ಕಟ್ಟುತ್ತಿದ್ದಾನೆ.

2025ರಲ್ಲಿ ಬಿಹಾರದಲ್ಲಿ ನಡೆದ ವಿಶೇಷ ತೀವ್ರ ಪರಿಷ್ಕರಣೆಯ ಅಂಕಿಗಳನ್ನು ಈ ದೃಷ್ಟಿಯಿಂದ ಓದಬೇಕು. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳಿರಲಿಲ್ಲ. ಆಯೋಗ ಕೊಟ್ಟ ವಿವರದಂತೆ ಅವರಲ್ಲಿ ಸುಮಾರು 22 ಲಕ್ಷ ಮಂದಿ ಮೃತರು, 7 ಲಕ್ಷ ಮಂದಿ ಒಂದಕ್ಕಿಂತ ಹೆಚ್ಚು ಕಡೆ ಹೆಸರಿದ್ದವರು. ಉಳಿದ 36 ಲಕ್ಷ ಮಂದಿ ‘ಶಾಶ್ವತವಾಗಿ ಸ್ಥಳಾಂತರಗೊಂಡವರು ಅಥವಾ ಪತ್ತೆಯಾಗದವರು’. ಅಂದರೆ ಅರ್ಧಕ್ಕಿಂತ ಹೆಚ್ಚಿನವರ ಮನೆಗೆ ಬೀಗವಿತ್ತು. ಕೈಬಿಟ್ಟ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ಘೋಷಣೆಯಾದ ಎರಡನೆಯ ಹಂತದಲ್ಲಿ ಕೇರಳವೂ ಸೇರಿದ್ದರಿಂದ ಕಾಸರಗೋಡಿನ ಕನ್ನಡಿಗರ ಮನೆಗಳಿಗೂ ಈ ಪ್ರಶ್ನೆ ತಲುಪಿತು.

ಪಟ್ಟಿಯನ್ನು ಶುದ್ಧಗೊಳಿಸಬಾರದೆಂದು ನಾನು ವಾದಿಸುತ್ತಿಲ್ಲ. ಸತ್ತವರ ಹೆಸರು ಪಟ್ಟಿಯಲ್ಲಿದ್ದರೆ ಅದು ವಂಚನೆಗೆ ದಾರಿ. ಎರಡು ಕಡೆ ಹೆಸರಿಟ್ಟುಕೊಳ್ಳುವುದು ಕಾನೂನಿಗೂ ವಿರುದ್ಧ, ದೀನಿಗೂ ವಿರುದ್ಧ. ನಮ್ಮಲ್ಲಿ ಕೆಲವರು “ಊರಿನದೂ ಇರಲಿ, ಬೆಂಗಳೂರಿನದೂ ಇರಲಿ” ಎನ್ನುವುದನ್ನು ಕೇಳಿದ್ದೇನೆ. ಅದು ಸುಳ್ಳು ಸಾಕ್ಷ್ಯದ ಸಾಲಿಗೆ ಸೇರುವ ಮಾತು. ನನ್ನ ಆಕ್ಷೇಪವಿರುವುದು ಅಳಿಸುವ ಸರಾಗದ ಬಗ್ಗೆ, ಸೇರಿಸುವ ದುಸ್ತರದ ಬಗ್ಗೆ.

ಅಳಿಸುವುದು ಎಷ್ಟು ಸರಾಗವೆಂಬುದಕ್ಕೆ ಕಲಬುರಗಿ ಜಿಲ್ಲೆಯ ಆಳಂದ ಸಾಕ್ಷಿ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಒಂದೇ ಕ್ಷೇತ್ರದಲ್ಲಿ ಹೆಸರು ತೆಗೆಯುವಂತೆ ಕೋರಿ ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಸಲ್ಲಿಕೆಯಾಗಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಪರಿಶೀಲನೆ ನಡೆದದ್ದರಿಂದ ಉಳಿದ ಹೆಸರುಗಳು ಉಳಿದವು, ನಡೆಯದಿದ್ದರೆ? ಹೆಸರು ತೆಗೆಯುವ ಮುನ್ನ ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕೆಂದು 1950ರ ಕಾಯ್ದೆಯ 22ನೆಯ ಸೆಕ್ಷನ್ ಸ್ಪಷ್ಟವಾಗಿ ವಿಧಿಸುತ್ತದೆ. 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿಂದಿನ ಪಟ್ಟಿಯಲ್ಲಿ ಹೆಸರಿದ್ದವರನ್ನು ವಿಚಾರಣೆಯಿಲ್ಲದೆ ವಿದೇಶಿಯರೆಂದು ಶಂಕಿಸಿ ಕೈಬಿಡುವಂತಿಲ್ಲ, ಹಿಂದೆ ಹೆಸರಿದ್ದುದಕ್ಕೆ ತೂಕ ಕೊಡಬೇಕು ಎಂದಿತು. ಆದರೆ ಬೀಗ ಹಾಕಿದ ಬಾಗಿಲಿಗೆ ಅಂಟಿಸಿದ ನೋಟಿಸನ್ನು ಓದುವವರು ಯಾರು? ಹಬ್ಬಕ್ಕೆ ಬಂದಾಗ ಅದು ಮಳೆಗೆ ಕರಗಿರುತ್ತದೆ.

ಮುಸ್ಲಿಮರ ಮಟ್ಟಿಗೆ ಇನ್ನೊಂದು ತೊಡಕು ಹೆಸರಿನದು. ಒಬ್ಬನೇ ಗಫಾರ್ ಶಾಲೆಯ ದಾಖಲೆಯಲ್ಲಿ ಅಬ್ದುಲ್ ಗಫಾರ್, ಪಡಿತರ ಚೀಟಿಯಲ್ಲಿ ಗಫಾರ್ ಸಾಬ್, ಪಹಣಿಯಲ್ಲಿ ಗಪೂರ್ ಸಾಬಿ. ಹೆಣ್ಣುಮಕ್ಕಳದು ಇನ್ನೂ ಕಷ್ಟ: ತವರಿನಲ್ಲಿ ಬೀ, ಮದುವೆಯ ನಂತರ ಬಾನು, ಆಧಾರ್‌ನಲ್ಲಿ ಬೇಗಂ. ಉರ್ದುವಿನ ಹೆಸರನ್ನು ಕನ್ನಡದ ಕಿವಿಯಿಂದ ಕೇಳಿ ಇಂಗ್ಲಿಷಿನ ಕೀಲಿಮಣೆಯಲ್ಲಿ ಟೈಪಿಸಿದರೆ ಮೂರು ಜನರು ಹುಟ್ಟುತ್ತಾರೆ. ಆ ಮೂವರಲ್ಲಿ ಯಾರಿಗೂ ಮತ ಸಿಗುವುದಿಲ್ಲ. ಸಾಚಾರ್ ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದ ಅರ್ಥಶಾಸ್ತ್ರಜ್ಞ ಅಬೂಸಾಲೇಹ್ ಷರೀಫ್ ಅವರು 2018ರ ಕರ್ನಾಟಕ ಚುನಾವಣೆಗೆ ಮುನ್ನ ಸಂಗಡಿಗರೊಡನೆ ರಾಜ್ಯದ ಮತದಾರರ ಪಟ್ಟಿಯನ್ನು ಜನಗಣತಿಯೊಂದಿಗೆ ಹೋಲಿಸಿ, ಲಕ್ಷಗಟ್ಟಲೆ ಮುಸ್ಲಿಂ ವಯಸ್ಕರ ಹೆಸರು ಪಟ್ಟಿಯಲ್ಲಿಲ್ಲವೆಂದು ಅಂದಾಜಿಸಿದ್ದರು. ಅವರು ಹಿಡಿದ ಸುಳಿವು ಸರಳವಾಗಿತ್ತು: ಪಟ್ಟಿಯಲ್ಲಿ ಒಬ್ಬನೇ ಮತದಾರನಿರುವ ಮನೆಗಳು. ಒಂದು ಮನೆಯಲ್ಲಿ ಒಬ್ಬರೇ ವಯಸ್ಕರಿರುವುದು ನಮ್ಮ ಸಮಾಜದಲ್ಲಿ ಅಪರೂಪ. ಹಾಗಿದ್ದರೆ ಹೆಂಡತಿ, ತಾಯಿ, ವಯಸ್ಸಿಗೆ ಬಂದ ಮಕ್ಕಳು ಎಲ್ಲಿ?

ಇದನ್ನು ಓದಿದಾಗ ಸಮುದಾಯದಲ್ಲಿ ಕೇಳಿಬಂದದ್ದು ಹೆಚ್ಚಾಗಿ ಪಿತೂರಿಯ ಮಾತು. ಪಿತೂರಿ ಎಲ್ಲೂ ಇಲ್ಲವೆಂದು ಆಳಂದವನ್ನು ಕಂಡ ಮೇಲೆ ಹೇಳಲಾಗದು. ಆದರೂ ಹೆಸರು ಬಿಟ್ಟುಹೋಗುವುದು ಕೇವಲ ನಮ್ಮ ವ್ಯಥೆಯಲ್ಲ. ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಗೆ ಪಟ್ಟಿ ಸಿದ್ಧವಾಗುತ್ತಿದ್ದಾಗ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳನ್ನು ಕೈಬಿಡಬೇಕಾಯಿತು. ಅವರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಅವರಲ್ಲಿ ಎಲ್ಲ ಧರ್ಮದವರಿದ್ದರು. ಇನ್ನೂ ಹಿಂದೆ ಹೋದರೆ, 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ಅಲ್ಲಿ ಕುಳಿತವರು ಭೂಮಿಯುಳ್ಳವರು ಮತ್ತು ವರ್ತಕರು. ಅದೇ ಶತಮಾನದ ಕೊನೆಯ ಭಾಗದಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಈ ಕಣಿವೆಯಲ್ಲಿ ಏರಿ ಎದ್ದಿತು. ಅದಕ್ಕೆ ಮಣ್ಣು ಹೊತ್ತವರಿಗೆ ಆ ಸಭೆಯಲ್ಲಿ ಬಾಯಿಯಿರಲಿಲ್ಲ.

ಹಾಗಾದರೆ ಒಳಗೊಳ್ಳುವ ಪಟ್ಟಿ ಸಾಧ್ಯವೇ ಇಲ್ಲವೇ? ಸಾಧ್ಯವಿದೆ, ನಾವೇ ಮಾಡಿ ತೋರಿಸಿದ್ದೇವೆ. ಇತಿಹಾಸಕಾರ್ತಿ ಓರ್ನಿತ್ ಶಾನಿ ಅವರು 2018ರಲ್ಲಿ ಪ್ರಕಟಿಸಿದ, ಭಾರತದ ವಯಸ್ಕ ಮತಾಧಿಕಾರದ ಹುಟ್ಟನ್ನು ಕುರಿತ ಸಂಶೋಧನಾ ಕೃತಿಯಲ್ಲಿ ಈ ಕಥೆಯಿದೆ. ಸಂವಿಧಾನ ಇನ್ನೂ ಜಾರಿಗೆ ಬಂದಿರಲಿಲ್ಲ. ವಿಭಜನೆಯ ಗಾಯ ಹಸಿಯಾಗಿತ್ತು, ನಿರಾಶ್ರಿತರು ಶಿಬಿರದಿಂದ ಶಿಬಿರಕ್ಕೆ ಅಲೆಯುತ್ತಿದ್ದರು. ಪಟ್ಟಿಗೆ ಸೇರಲು 180 ದಿನಗಳ ವಾಸ ಬೇಕೆಂಬ ಷರತ್ತು ಇತ್ತು. ನಿರಾಶ್ರಿತನಿಗೆ ಅದನ್ನು ತೋರಿಸುವುದು ಹೇಗೆ? ಸಂವಿಧಾನ ಸಭೆಯ ಸಚಿವಾಲಯದ ಅಧಿಕಾರಿಗಳು, ಈ ಊರಿನಲ್ಲಿ ಕಾಯಂ ಆಗಿ ನೆಲೆಸುವ ಉದ್ದೇಶವಿದೆ ಎಂದು ನಿರಾಶ್ರಿತನು ಘೋಷಿಸಿದರೆ ಸಾಕು, ಎಷ್ಟು ದಿನದಿಂದ ಇದ್ದಾನೆಂದು ಕೇಳದೆ ಹೆಸರು ಬರೆದುಕೊಳ್ಳಿ ಎಂದು ಸೂಚಿಸಿದರು. ಕಾಗದವೇ ಇಲ್ಲದ ಮನುಷ್ಯನ ಮಾತನ್ನು ಸರಕಾರ ನಂಬಿದ ದಿನಗಳವು. ಇಂದು ಅಷ್ಟೊಂದು ದಾಖಲೆಗಳಿವೆ, ಅಷ್ಟೊಂದು ಯಂತ್ರಗಳಿವೆ. ಮಾತಿನ ಮೇಲಿನ ನಂಬಿಕೆ ಮಾತ್ರ ಕಡಿಮೆಯಾಗಿದೆ.

ಪಟ್ಟಿಯ ಷರತ್ತು ಮನುಷ್ಯನನ್ನು ಏನು ಮಾಡುತ್ತದೆ ಎಂಬುದಕ್ಕೆ ಇಸ್ಲಾಮೀ ಇತಿಹಾಸದಲ್ಲಿ ಖಲೀಫಾ ಉಮರ್(ರ)ರ ಕಾಲದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಅವರು ‘ದೀವಾನ್’ ಎಂಬ ದಫ್ತರವನ್ನು ಸ್ಥಾಪಿಸಿ, ಹೆಸರು ಬರೆಸಿಕೊಂಡವರಿಗೆ ಬೈತುಲ್‌ಮಾಲ್‌ನಿಂದ ಭತ್ಯೆ ಸಲ್ಲುವಂತೆ ಮಾಡಿದ್ದರು. ಶಿಶುಗಳಿಗೆ ಒಂದು ನಿಯಮವಿತ್ತು: ತಾಯಿಯ ಹಾಲು ಬಿಟ್ಟ ಮೇಲೆ ಭತ್ಯೆ. ಒಂದು ರಾತ್ರಿ ಮದೀನಾದಲ್ಲಿ ಬೀಡುಬಿಟ್ಟಿದ್ದ ವ್ಯಾಪಾರಿಗಳ ತಂಡಕ್ಕೆ ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಕಾವಲಿದ್ದರು. ಮಗುವೊಂದು ಬಿಡದೆ ಅಳುತ್ತಿತ್ತು. ಮೂರು ಸಲ ಹೋಗಿ ತಾಯಿಯನ್ನು ವಿಚಾರಿಸಿದಾಗ, ಎದುರು ನಿಂತವರು ಖಲೀಫರೆಂದು ಅರಿಯದ ಆಕೆ ಹೇಳಿದಳು: ಹಾಲು ಕುಡಿಯುವ ಮಗುವಿಗೆ ಉಮರ್ ಭತ್ಯೆ ಕೊಡುವುದಿಲ್ಲ, ಆದ್ದರಿಂದ ಬೇಗನೆ ಹಾಲು ಬಿಡಿಸುತ್ತಿದ್ದೇನೆ. ಆ ಮುಂಜಾನೆ ಫಜ್ರ್ ನಮಾಝಿನಲ್ಲಿ ಉಮರ್(ರ)ರ ಅಳುವಿನಿಂದಾಗಿ ಹಿಂದೆ ನಿಂತವರಿಗೆ ಪಾರಾಯಣ ಸರಿಯಾಗಿ ಕೇಳಿಸಲಿಲ್ಲವಂತೆ. ಹುಟ್ಟಿದಂದಿನಿಂದಲೇ ಭತ್ಯೆ ಸಲ್ಲಬೇಕೆಂದು ಅವರು ಸಾರಿಸಿದರು.

ನನ್ನನ್ನು ಇಲ್ಲಿ ತಟ್ಟುವುದು ಅವರ ಕಣ್ಣೀರಿಗಿಂತ ಅವರ ತಪ್ಪೊಪ್ಪಿಗೆ. ನಿಯಮ ದುರುದ್ದೇಶದ್ದಾಗಿರಲಿಲ್ಲ, ಬರೆದಿಡಲು ಸುಲಭವೆಂದು ಮಾಡಿದ್ದಿರಬಹುದು. ದಫ್ತರದ ಒಂದು ಸಾಲಿನಿಂದಾಗಿ ಎಲ್ಲೋ ಒಂದು ಮಗು ಹಸಿದಿದೆ ಎಂದು ತಿಳಿದ ಕೂಡಲೇ ಅವರು ಬದಲಿಸಿದ್ದು ದಫ್ತರವನ್ನು, ತಾಯಿಯನ್ನಲ್ಲ. ಅಂದು ಜೊತೆಗಿದ್ದ ಅಬ್ದುರ್ರಹ್ಮಾನ್(ರ) ಸ್ವತಃ ವಲಸಿಗರು. ಮಕ್ಕಾದಿಂದ ಬರಿಗೈಯಲ್ಲಿ ಬಂದಾಗ ಮದೀನಾದ ಸಅದ್ ಬಿನ್ ರಬೀಅ್(ರ) ತನ್ನ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾಗಿದ್ದರು. ಇವರು ಕೇಳಿದ್ದು ಮಾರುಕಟ್ಟೆಯ ದಾರಿಯನ್ನು. ಊರಿಗೆ ಬಂದ ಹೊಸಬನಿಗೆ ಬೇಕಾದದ್ದು ಬಹುಶಃ ಇಷ್ಟೇ: ದುಡಿಯಲು ದಾರಿ, ಊರಿನ ಲೆಕ್ಕದಲ್ಲಿ ತಾನೂ ಒಬ್ಬನೆಂಬ ಗುರುತು. ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲದ ಬರವಣಿಗೆಗೆ ಸಂಬಂಧಿಸಿದ್ದು. ಬರೆಯುವವನಿಗೂ ಸಾಕ್ಷಿ ನಿಲ್ಲುವವನಿಗೂ ಪೀಡೆ ತಟ್ಟಬಾರದೆಂದು ಅಲ್ಲಿ ಆದೇಶವಿದೆ. ಮತವನ್ನು ಸಾಕ್ಷ್ಯವೆಂದು ಕಂಡ ನಮ್ಮ ವಿದ್ವಾಂಸರಿದ್ದಾರೆ. ಹಾಗೆ ನೋಡಿದರೆ ಬಿಸಿಲಿನಲ್ಲಿ ಮನೆಮನೆ ಸುತ್ತುವ ಟೀಚರಮ್ಮ ಬರೆಯುವವಳು, ಬೀಗ ಹಾಕಿ ಹೋದವನು ಸಾಕ್ಷಿ. ಇಬ್ಬರಿಗೂ ಇಂದು ಪೀಡೆ ತಟ್ಟುತ್ತಿದೆ.

ಏನು ಮಾಡಬಹುದು ಎಂಬುದಕ್ಕೆ ಉಪಯುಕ್ತವಾದ ಎರಡು ಅಧ್ಯಯನಗಳಿವೆ. ರಾಜ್ಯಶಾಸ್ತ್ರಜ್ಞರಾದ ನಿಖರ್ ಗಾಯಕ್‌ವಾಡ್ ಮತ್ತು ಗ್ಯಾರೆತ್ ನೆಲ್ಲಿಸ್ ಅವರವು, ಎರಡೂ 2021ರಲ್ಲಿ ಪ್ರಕಟವಾದವು. ಒಂದರಲ್ಲಿ ಭಾರತದ ಹಲವು ನಗರಗಳ ಪಾಲಿಕೆ ಸದಸ್ಯರಿಗೆ ಸಾಮಾನ್ಯ ನಿವಾಸಿಗಳ ಹೆಸರಿನಲ್ಲಿ ಸಹಾಯ ಕೋರಿ ಪತ್ರ ಬರೆಯಲಾಯಿತು. ಬರೆದವನು ವಲಸಿಗನೆಂದು ತಿಳಿದಾಗ ಉತ್ತರಿಸಿದವರು ಕಡಿಮೆ. ಕಾರಣ ಕೇವಲ ದ್ವೇಷವಲ್ಲ. ವಲಸಿಗನಿಗೆ ಈ ಊರಿನಲ್ಲಿ ಮತವಿಲ್ಲ ಎಂಬ ಲೆಕ್ಕಾಚಾರ. ಇನ್ನೊಂದರಲ್ಲಿ ದೆಹಲಿ ಮತ್ತು ಲಕ್ನೋದ ವಲಸೆ ಕಾರ್ಮಿಕರಿಗೆ ಇದ್ದಲ್ಲಿಯೇ ಹೆಸರು ನೋಂದಾಯಿಸಲು ಮನೆಬಾಗಿಲಲ್ಲಿ ನೆರವು ನೀಡಲಾಯಿತು. ನೋಂದಣಿ 24 ಶೇಕಡಾ ಅಂಶಗಳಷ್ಟು ಏರಿತು, 2019ರ ಚುನಾವಣೆಯಲ್ಲಿ ಮತದಾನ 20 ಅಂಶಗಳಷ್ಟು ಏರಿತು. ಅವರಿಗೆ ಮತದಲ್ಲಿ ಆಸಕ್ತಿಯಿಲ್ಲವೆಂದು ನಾವು ತಿಳಿದಿದ್ದೆವು. ಕೊರತೆಯಿದ್ದದ್ದು ಅರ್ಜಿ ತುಂಬಿಕೊಡುವ ಒಂದು ಕೈಯದು.

ಆ ಕೈ ನಮ್ಮ ಮಸೀದಿಯ ಜಗುಲಿಯಲ್ಲಿ ಸಿಗಬಹುದು. ಬೆಂಗಳೂರಿನ ಜಮಾಅತ್‌ಗಳು ತಮ್ಮ ಮೊಹಲ್ಲಾದ ಬಾಡಿಗೆದಾರರಿಗೆ ನಮೂನೆ 8 ತುಂಬಿಕೊಟ್ಟು, ಹಳೆಯ ಊರಿನ ಹೆಸರನ್ನು ಪ್ರಾಮಾಣಿಕವಾಗಿ ಇಲ್ಲಿಗೆ ವರ್ಗಾಯಿಸಿಕೊಡಲಿ. ಇಲ್ಲಿ ನಾವು ಪಟ್ಟಿಯ ಪ್ರತಿಯೊಂದನ್ನು ಇಟ್ಟುಕೊಂಡು ಶುಕ್ರವಾರದ ಜುಮಾ ನಂತರ ಕುಳಿತರೆ ಯಾವ ಹೆಸರು ಹೋಗಿದೆ ಎಂದು ಆಯಾ ತಿಂಗಳೇ ತಿಳಿಯುತ್ತದೆ. ನನ್ನ ಒಂದೇ ಷರತ್ತು: ಆ ಮೇಜಿನ ಮುಂದೆ ಕುರಿ ಕಾಯುವವರ ಮನೆಯವರೂ ನಿಲ್ಲುವಂತಿರಬೇಕು. ನಮ್ಮ ಹೆಸರುಗಳನ್ನಷ್ಟೇ ಹುಡುಕುವ ಕೆಲಸವಾದರೆ ಅದು ನ್ಯಾಯದ ಕೆಲಸವಾಗದು. ಟೀಚರಮ್ಮನ ಕಣ್ಣಿಗೂ ಅದು ಒಂದು ಗುಂಪಿನ ಒತ್ತಡವಾಗಿಯೇ ಕಾಣುತ್ತದೆ.

ಸರಕಾರ ಮಾಡಬೇಕಾದದ್ದು ಬೇರೆ ಇದೆ. 2022ರ ಹೊತ್ತಿಗೆ ‘ಒಂದು ದೇಶ ಒಂದು ಪಡಿತರ ಚೀಟಿ’ ಎಲ್ಲ ರಾಜ್ಯಗಳಿಗೂ ತಲುಪಿದೆ. ಬಿಹಾರದ ಕಾರ್ಮಿಕ ತನ್ನ ಪಾಲಿನ ಧಾನ್ಯವನ್ನು ಕರ್ನಾಟಕದ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು. ಅಕ್ಕಿ ಮನುಷ್ಯನ ಹಿಂದೆ ಬರಬಹುದಾದರೆ ಮತ ಏಕೆ ಬರಬಾರದು? ಸೈನಿಕನಿಗೆ ಅಂಚೆ ಮತವಿದೆ. ಕಣಿವೆ ತೊರೆದ ಕಾಶ್ಮೀರಿಗಳಿಗೆ ಜಮ್ಮು, ದೆಹಲಿಯಲ್ಲಿ ವಿಶೇಷ ಮತಗಟ್ಟೆಗಳಿವೆ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಎಂಬತ್ತು ದಾಟಿದ ಹಿರಿಯರ ಮನೆಗೆ ಮತಪೆಟ್ಟಿಗೆ ಬಂತು. ನಮ್ಮ ಬೀದಿಯ ಅಜ್ಜಿಯೊಬ್ಬರು ಮಂಚದಲ್ಲಿ ಕುಳಿತೇ ಮತ ಹಾಕಿದರು. ದುಡಿಯಲು ಹೋದ ಮೊಮ್ಮಗನಿಗೆ ಮಾತ್ರ ಬಸ್ ಚಾರ್ಜು. 2023ರ ಜನವರಿಯಲ್ಲಿ ಚುನಾವಣಾ ಆಯೋಗ 72 ಕ್ಷೇತ್ರಗಳ ಮತವನ್ನು ಒಂದೇ ಕಡೆ ಪಡೆಯಬಲ್ಲ ದೂರಮತದಾನ ಯಂತ್ರವನ್ನು ಪಕ್ಷಗಳ ಮುಂದಿಟ್ಟಿತು. ಪಕ್ಷಗಳು ಅನುಮಾನಿಸಿದವು, ಅನುಮಾನಕ್ಕೆ ಕಾರಣಗಳೂ ಇದ್ದವು, ಮಾತು ಅಲ್ಲಿಗೇ ನಿಂತಿತು. ನ್ಯೂಜಿಲೆಂಡಿನಲ್ಲಿ 1975ರಿಂದ ಕಾಯಂ ನಿವಾಸದ ಪರವಾನಗಿ ಪಡೆದ ವಿದೇಶೀಯರಿಗೂ ಮತವಿದೆ. ನಾವು ಕೇಳುತ್ತಿರುವುದು ನಮ್ಮದೇ ದೇಶದ ನಾಗರಿಕನ ಮಾತು.

ಈ ಲೇಖನ ಬರೆಯುವ ಮುನ್ನ ಬೀದಿಯ ಕೊನೆಯ ಮನೆಗೆ ಹೋಗಿದ್ದೆ. ಇಲ್ಲಿಯೇ ಹೆಸರು ಬರೆಸಿಕೊಳ್ಳಿ, ನಾನು ಅರ್ಜಿ ತುಂಬಿಕೊಡುತ್ತೇನೆ ಎಂದೆ. ನಾಲ್ವರಲ್ಲಿ ಹಿರಿಯವನು ಚಹಾ ಕೊಟ್ಟು ವಿನಯದಿಂದ ಬೇಡವೆಂದ. “ಚಾಚಾ, ಇಲ್ಲಿ ಸೇರಿಸಿದರೆ ಅಲ್ಲಿ ತೆಗೆಯುತ್ತಾರೆ. ಅಲ್ಲಿ ತೆಗೆದರೆ ನಾಳೆ ನನ್ನ ಮಗನನ್ನು ಯಾರ ಮಗನೆಂದು ಕೇಳುತ್ತಾರೆ.” 2019ರ ಆಗಸ್ಟ್ 31ರಂದು ಅಸ್ಸಾಮಿನ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಿಂದ 19,06,657 ಮಂದಿ ಹೊರಗುಳಿದಿದ್ದರು. ಅವನ ಚಿಕ್ಕಮ್ಮ ಅವರಲ್ಲೊಬ್ಬರು. ದಶಕಗಳ ಹಿಂದಿನ ಮತದಾರರ ಪಟ್ಟಿಯಲ್ಲಿ ಅಜ್ಜನ ಹೆಸರಿದ್ದದ್ದರಿಂದ ಉಳಿದವರು ಉಳಿದರು. ಅವನಿಗೆ ಮತದಾರರ ಪಟ್ಟಿ ಎಂದರೆ ಚುನಾವಣೆಯ ಸಂಗತಿಯಲ್ಲ. ತಾನು ಈ ಮಣ್ಣಿನವನೆಂಬುದಕ್ಕೆ ಇರುವ ಕಾಗದ. ಅದನ್ನು ಕೈಯಾರೆ ಕೊಟ್ಟು, ತೆಂಗಿನ ಸೀಮೆಯ ಬಾಡಿಗೆ ಮನೆಯ ವಿಳಾಸ ಪಡೆದುಕೋ ಎಂದು ನಾನು ಹೇಗೆ ಒತ್ತಾಯಿಸಲಿ? ನಮೂನೆ 8ರ ಬಗ್ಗೆ ಮೇಲೆ ನಾನು ಬರೆದದ್ದು ಬೆಂಗಳೂರಿಗೆ ಹೋದ ನಮ್ಮ ಹುಡುಗನಿಗೆ ಸರಿ, ಇವನಿಗೆ ಸಾಲದು.

ಊರಿನಲ್ಲಿ ಚುನಾವಣೆ ಬಂದಾಗ ಏನು ಮಾಡುತ್ತೀಯೆಂದು ಕೇಳಿದೆ. ಹೋಗುತ್ತೇನೆ ಎಂದ. ತಿಪಟೂರಿನಿಂದ ಬೆಂಗಳೂರು, ಅಲ್ಲಿಂದ ಗುವಾಹಟಿ, ರೈಲಿನಲ್ಲೇ ಎರಡು ದಿನಕ್ಕೂ ಹೆಚ್ಚು. ಇಳಿದ ಮೇಲೆ ಮತ್ತೆ ಬಸ್ಸು, ದೋಣಿ. ಹೋಗಿ ಬರುವುದರಲ್ಲಿ ಹದಿನೈದು ದಿನದ ಕೂಲಿ ಹೋಗುತ್ತದೆ ಎಂದು ಬೆರಳೆಣಿಸಿ ಹೇಳಿ, ಚಹಾದ ಲೋಟ ತೊಳೆದಿಟ್ಟು ಸಂಜೆಯ ಪಾಳಿಗೆ ಹೊರಟ.